ಬಿಡುವಿನ ಲೆಕ್ಕ

"ಹೆಂಗಸರಿಗೆ ಮ್ಯಾನೇಜ್‌ಮೆಂಟ್ ಪಾಠ ಯಾಕೆ ಹೇಳಿ? ಅವರು ಹುಟ್ಟಾ ಮ್ಯಾನೇಜರುಗಳಲ್ಲವೇ!" ಈ ಮಾತನ್ನು ನೀವೂ ಎಷ್ಟೋ ಸಲ ಕೇಳಿರುತ್ತೀರಿ. ಹೊಗಳಿಕೆಯ ಮಾತು ತಾನೆ, ನಕ್ಕು ಸುಮ್ಮನಾಗಬಹುದು. ನನಗೆ ಮಾತ್ರ ಇದನ್ನು ಕೇಳಿದಾಗಲೆಲ್ಲ ಒಳಗೊಳಗೇ ಕಿರಿಕಿರಿ. ಹುಟ್ಟಿನಿಂದಲೇ ಬಂದದ್ದಾದರೆ ಅದಕ್ಕೆ ತರಬೇತಿ ಬೇಡ. ತರಬೇತಿ ಇಲ್ಲದ ಮೇಲೆ ಸರ್ಟಿಫಿಕೇಟಿಲ್ಲ. ಸರ್ಟಿಫಿಕೇಟಿಲ್ಲದ ಮೇಲೆ ಸಂಬಳದ ಮಾತಂತೂ ಇಲ್ಲವೇ ಇಲ್ಲ. ಹೊಗಳಿ ಅಟ್ಟಕ್ಕೇರಿಸಿ ಏಣಿ ತೆಗೆದಂತೆ.

ನನಗೆ ಆ ತರಬೇತಿ ಸಿಕ್ಕಿದ್ದು 2009ರಲ್ಲಿ. ನಾನು ಲೆಕ್ಕಪತ್ರ ನೋಡಿಕೊಳ್ಳುತ್ತಿದ್ದ ಸಂಸ್ಥೆ ಶಿವಮೊಗ್ಗದ ಹೊರಗೆ ಹೊಸ ಗೋದಾಮು ಕಟ್ಟಿಸಲು ಹೊರಟಿತ್ತು. ಅದರ ಉಸ್ತುವಾರಿಯಲ್ಲಿ ನನ್ನದೂ ಒಂದು ಪಾಲು ಎಂದಾಗ, ಬೆಂಗಳೂರಿನಲ್ಲಿ ಮೂರು ದಿನದ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ತರಬೇತಿಗೆ ಕಳಿಸಿದರು. ಮನೆಯಲ್ಲಿ ಮೂರು ದಿನದ ಸಾರಿನ ಪುಡಿ, ಹಿಟ್ಟು, ಹಾಲಿನ ಲೆಕ್ಕ ಬರೆದಿಟ್ಟು ಹೊರಟೆ. ಇಪ್ಪತ್ತನಾಲ್ಕು ಜನರ ತರಗತಿಯಲ್ಲಿ ನಾವು ಹೆಂಗಸರು ನಾಲ್ಕೇ ಮಂದಿ.

ಪಾಠ ಹೇಳಿದವರು ರೈಲ್ವೆಯಲ್ಲಿ ದುಡಿದು ನಿವೃತ್ತರಾಗಿದ್ದ ಇಂಜಿನಿಯರು. ಮೊದಲ ದಿನವೇ ಒಂದು ಗೆರೆ ಎಳೆದರು: ಪ್ರಾಜೆಕ್ಟ್ ಎಂದರೆ ಆರಂಭವೂ ಕೊನೆಯೂ ಇರುವ ಕೆಲಸ. ಸೇತುವೆ ಕಟ್ಟುವುದು ಪ್ರಾಜೆಕ್ಟ್; ಅದರ ಮೇಲೆ ದಿನಾ ರೈಲು ಓಡಿಸುವುದಲ್ಲ. ಹಾಗಾದರೆ ಮದುವೆ ಮಾಡುವುದು ಪ್ರಾಜೆಕ್ಟ್, ಆಮೇಲಿನ ಸಂಸಾರ ಅಲ್ಲ ಎಂದುಕೊಂಡೆ! ದಿನಾ ಬೆಳಗಾದರೆ ಹಚ್ಚುವ ಒಲೆಗೆ ಮುಕ್ತಾಯ ಸಮಾರಂಭ ಎಲ್ಲಿಂದ ಬರಬೇಕು?

ಆಮೇಲೆ ಒಂದೊಂದೇ ಸೂತ್ರ ಬಂತು. ಯಾವುದೇ ಕೆಲಸ ಹಿಡಿಯುವ ಮೊದಲು ಅದರಲ್ಲಿ ಏನೇನು ಸೇರಿದೆ, ಏನು ಸೇರಿಲ್ಲ ಎಂದು ಬರೆದಿಡಬೇಕು. ಇಲ್ಲದಿದ್ದರೆ ಗೋದಾಮಿನ ಜೊತೆಗೆ ಒಂದು ಕಾಂಪೌಂಡು, ಕಾಂಪೌಂಡಿಗೊಂದು ಗೇಟು ಎಂದು ಅದು ಬೆಳೆಯುತ್ತಲೇ ಹೋಗುತ್ತದೆ. ಸಮಯ, ಹಣ, ಕೆಲಸದ ವ್ಯಾಪ್ತಿ ಈ ಮೂರೂ ಒಂದೇ ಹಗ್ಗದಲ್ಲಿ ಕಟ್ಟಿದವು. ಒಂದನ್ನು ಎಳೆದರೆ ಉಳಿದೆರಡೂ ಜಗ್ಗುತ್ತವೆ. ದೊಡ್ಡ ಕೆಲಸವನ್ನು ಒಬ್ಬರು ಹೊಣೆ ಹೊರಬಲ್ಲಷ್ಟು ಚಿಕ್ಕ ತುಂಡುಗಳಾಗಿ ಒಡೆಯಬೇಕು. ಏನೇನು ಕೆಡಬಹುದು ಎಂದು ಮೊದಲೇ ಪಟ್ಟಿ ಮಾಡಬೇಕು. ನಮ್ಮ ಅಜ್ಜಿಯಂಥವರು ಇದನ್ನು ಅಪಶಕುನ ಎನ್ನುತ್ತಿದ್ದರು. ಅಲ್ಲಿ ಅದಕ್ಕೆ ರಿಸ್ಕ್ ರಿಜಿಸ್ಟರ್ ಎಂಬ ಗಂಭೀರ ಹೆಸರು.

ಎರಡನೆಯ ದಿನ ಕಲಿತದ್ದು ಮಾತ್ರ ಇಂದಿಗೂ ನನ್ನ ಜೊತೆಗಿದೆ. ಅದು ಕ್ರಿಟಿಕಲ್ ಪಾತ್ ಎಂಬ ವಿಧಾನ. ಅಮೆರಿಕದ ಡ್ಯುಪಾಂಟ್ ರಾಸಾಯನಿಕ ಕಂಪನಿಯ ಮಾರ್ಗನ್ ವಾಕರ್ ಮತ್ತು ರೆಮಿಂಗ್ಟನ್ ರ್‍ಯಾಂಡ್ ಕಂಪನಿಯ ಜೇಮ್ಸ್ ಕೆಲ್ಲಿ ಸೇರಿ 1957ರಲ್ಲಿ ಇದನ್ನು ರೂಪಿಸಿದರಂತೆ. ಹೆಸರು ದೊಡ್ಡದು, ಒಳಗಿರುವುದು ಬರೀ ಕೂಡಿಸುವ ಕಳೆಯುವ ಲೆಕ್ಕ.

ಮನೆ ಕಟ್ಟುತ್ತಿದ್ದೀರಿ ಎನ್ನಿ. ಛಾವಣಿಗೆ ಕಾಂಕ್ರೀಟು ಸುರಿದು, ನೀರುಣಿಸಿ, ಸೆಂಟ್ರಿಂಗ್ ಬಿಚ್ಚಲು 21 ದಿನ. ಅದೇ ದಿನ ಕಿಟಕಿಯ ಕಂಬಿ ಮಾಡಲು ಹೇಳಿದರೆ ಅದಕ್ಕೆ 12 ದಿನ. ಎರಡೂ ಆಗದೆ ಒಳಗಿನ ಗಾರೆ ಶುರುವಾಗದು. ಅಂದರೆ ಕಂಬಿಯವನಿಗೆ 9 ದಿನದ ಬಿಡುವು. ಅವನು ಊರಹಬ್ಬಕ್ಕೆ ಒಂದು ವಾರ ಹೋಗಿ ಬಂದರೂ ಮನೆಗೆ ನಷ್ಟವಿಲ್ಲ. ಆದರೆ ಹತ್ತನೆಯ ದಿನವೂ ತಡಮಾಡಿದನೋ, ಇಡೀ ಮನೆ ಅವನಿಗಾಗಿ ಕಾಯುತ್ತದೆ. ಛಾವಣಿಗೋ ಒಂದು ದಿನದ ಬಿಡುವೂ ಇಲ್ಲ. ಬಿಡುವೇ ಇಲ್ಲದ ಇಂಥ ಕೆಲಸಗಳ ಸರಣಿಯೇ ಕ್ರಿಟಿಕಲ್ ಪಾತ್. ಆ ಬಿಡುವಿಗೆ ಅವರ ಭಾಷೆಯಲ್ಲಿ ಫ್ಲೋಟ್ ಎನ್ನುತ್ತಾರೆ.

ಮೇಷ್ಟ್ರು ಕೊಂಕಣ ರೈಲ್ವೆಯ ಉದಾಹರಣೆ ಕೊಟ್ಟರು. 1990ರಲ್ಲಿ ನಿಗಮ ಹುಟ್ಟಿತು. ಮಂಗಳೂರು–ಉಡುಪಿ ನಡುವೆ 1993ರಲ್ಲೇ ರೈಲು ಓಡಿತು. ಹೊನ್ನಾವರದಲ್ಲಿ ಶರಾವತಿಯ ಮೇಲೆ ಎರಡು ಕಿಲೋಮೀಟರಿಗೂ ಉದ್ದದ ಸೇತುವೆ ಎದ್ದಿತು. ಆದರೆ ಗೋವಾದ ಪೆರ್ನೆಂನಲ್ಲಿ ಸುರಂಗದ ಮಣ್ಣು ಮೆತ್ತಗೆ, ತೋಡಿದಷ್ಟೂ ಕುಸಿಯುತ್ತಿತ್ತು. ಉಳಿದ ಕಡೆ ಎಷ್ಟು ಬೇಗ ಮುಗಿಸಿದರೇನು, ಆ ಸುರಂಗ ಆಗದೆ ಮಂಗಳೂರಿನ ರೈಲು ಮುಂಬೈ ಮುಟ್ಟುವ ಹಾಗಿರಲಿಲ್ಲ. ಇಡೀ ಮಾರ್ಗ ತೆರೆದದ್ದು 1998ರ ಜನವರಿಯಲ್ಲಿ.

ಎಲ್ಲರೂ ಸುರಂಗದ ಚಿತ್ರ ನೋಡುತ್ತಿದ್ದರೆ ನನ್ನ ಕಣ್ಣ ಮುಂದಿದ್ದವಳು ನಮ್ಮ ಅಕ್ಕ. ಅದಕ್ಕೂ ಮೂರು ವರ್ಷ ಮೊದಲಿನಿಂದ ಅವಳಿಗೆ ದೃಷ್ಟಿ ಸರಿಯಿರಲಿಲ್ಲ. ನಡೆಯುವಾಗ ಬಾಗಿಲ ಚೌಕಟ್ಟು ಭುಜಕ್ಕೆ ತಾಗುತ್ತಿತ್ತು. ನೋವಿಲ್ಲ, ಕೆಂಪಿಲ್ಲ, "ಪೊರೆ ಇರಬೇಕು, ಬಲಿಯಲಿ ಬಿಡಿ" ಎಂದರು ಎಲ್ಲರೂ. ಮಗನ ಪಿಯುಸಿ ಮುಗಿಯಲಿ ಎಂದು ಒಂದು ವರ್ಷ, ಮಾವನವರ ವರ್ಷಾಬ್ದಿಕ ಕಳೆಯಲಿ ಎಂದು ಇನ್ನೊಂದು ವರ್ಷ, ಅಡಿಕೆ ಕೊಯ್ಲಾಗಲಿ ಎಂದು ಮತ್ತೊಂದು. ಕೊನೆಗೆ ಡಾಕ್ಟರು ಕಣ್ಣಿನ ಒತ್ತಡ ಅಳೆದು, ಇದು ಪೊರೆಯಲ್ಲ, ಗ್ಲಾಕೋಮಾ ಎಂದರು. ಪೊರೆಯಾದರೆ ಶಸ್ತ್ರಚಿಕಿತ್ಸೆಯಿಂದ ಸಾಮಾನ್ಯವಾಗಿ ನೋಟ ಮರಳುತ್ತದೆ. ಗ್ಲಾಕೋಮಾದಲ್ಲಿ ಹೋದ ದೃಷ್ಟಿ ಮರಳುವುದಿಲ್ಲ. ಉಳಿದದ್ದನ್ನು ಉಳಿಸಿಕೊಳ್ಳಬಹುದು, ಅಷ್ಟೆ. ಎಡಗಣ್ಣಿನ ಅಂಚುಗಳು ಆಗಲೇ ಕತ್ತಲಾಗಿದ್ದವು.

ಯಾರೂ ಕೆಟ್ಟವರಲ್ಲ. ಅವಳ ಕಣ್ಣು ಯಾರಿಗೂ ಬೇಡವಾಗಿರಲಿಲ್ಲ, ಅವಳ ಕೆಲಸಕ್ಕೆ ಬಿಡುವಿದೆ ಎಂದುಕೊಂಡಿದ್ದರು. ಅವಳೂ ಹಾಗೇ ಅಂದುಕೊಂಡಿದ್ದಳು. ಎಷ್ಟು ಬಿಡುವಿದೆ ಎಂದು ಮಾತ್ರ ಯಾರೂ ಲೆಕ್ಕ ಹಾಕಿರಲಿಲ್ಲ.

ಚಹಾ ವಿರಾಮದಲ್ಲಿ ಮೇಷ್ಟ್ರನ್ನು ಕೇಳಿದೆ: "ಒಂದು ಕೆಲಸಕ್ಕೆ ಬಿಡುವಿದೆ ಎಂದು ತೀರ್ಮಾನಿಸುವವರು ಯಾರು ಸಾರ್?" ಅವರು ಲೋಟ ಕೆಳಗಿಟ್ಟು ಹೇಳಿದರು: "ಯಾರೂ ತೀರ್ಮಾನಿಸುವ ಹಾಗಿಲ್ಲಮ್ಮ. ಎಷ್ಟು ತಡವಾಗಿ ಶುರು ಮಾಡಬಹುದು, ಎಷ್ಟು ಬೇಗ ಶುರು ಮಾಡಬಹುದು. ಒಂದರಲ್ಲಿ ಇನ್ನೊಂದು ಕಳೆಯಬೇಕು. ಲೆಕ್ಕ ಮಾಡದ ಕಡೆ, ಬಾಯಿಲ್ಲದವರ ಕೆಲಸ ಹಿಂದಕ್ಕೆ ಹೋಗುತ್ತದೆ."

ಊರಿಗೆ ಬಂದು ಗೋದಾಮಿನ ಯೋಜನೆಯ ಹಾಳೆ ಬಿಡಿಸಿ ನೋಡಿದರೆ ಆ ಮಾತು ಅಲ್ಲೇ ಕೂತಿತ್ತು! ಕೂಲಿ ಹೆಂಗಸರಿಗೆ ಶೌಚಾಲಯ, ಕುಡಿಯುವ ನೀರು ಕಟ್ಟಕಡೆಯ ಸಾಲಿನಲ್ಲಿದ್ದವು. ಮುಂದೆ 'ಅನುಕೂಲ ನೋಡಿಕೊಂಡು' ಎಂಬ ಷರಾ. ಕಟ್ಟಡ ಕಾರ್ಮಿಕರಿಗೆ ಇವೆರಡನ್ನೂ ಕೊಡಲೇಬೇಕೆಂದು ಆಗ ಜಾರಿಯಲ್ಲಿದ್ದ 1996ರ ಕಾಯಿದೆಯೇ ಹೇಳುತ್ತಿತ್ತು. ನಾನು ಜಗಳಕ್ಕೆ ಹೋಗಲಿಲ್ಲ. ಕಾಯಿದೆಯ ಪ್ರತಿಯನ್ನೂ ಹಾಳೆಯನ್ನೂ ಗುತ್ತಿಗೆದಾರರ ಮುಂದಿಟ್ಟು, "ಹೆಂಗಸರು ಕೆಲಸಕ್ಕೆ ಬರುವುದು ಪಾಯದ ದಿನ. ಈ ಸಾಲಿಗೆ ಬಿಡುವು ಸೊನ್ನೆ" ಎಂದೆ. ಅವರು ತಲೆ ಕೆರೆದುಕೊಂಡರು, ಗೊಣಗಿದರು. ಪಾಯ ತೋಡುವ ಮೊದಲು ತಗಡಿನ ಶೆಡ್ಡು ಎದ್ದಿತು, ನೀರಿನ ಟ್ಯಾಂಕು ಬಂತು. ಬರೀ ಮರುಕದಿಂದ ಕೇಳಿದ್ದರೆ "ನೋಡೋಣ ಮೇಡಂ" ಎಂಬ ಉತ್ತರ ಸಿಗುತ್ತಿತ್ತೇನೋ. ತರಬೇತಿ ನನಗೆ ಕೊಟ್ಟದ್ದು ಇದನ್ನೇ: ಕನಿಕರದ ಮಾತನ್ನು ಲೆಕ್ಕದ ಮಾತಾಗಿಸುವ ಭಾಷೆ.

ಮೂರು ದಿನದಲ್ಲಿ ಎಲ್ಲವೂ ಬರುವುದಿಲ್ಲ. ಮೇಸ್ತ್ರಿಯ ಮುನಿಸು ಇಳಿಸುವುದನ್ನು, ಮಳೆ ಬರುವ ಮುನ್ನ ಸಿಮೆಂಟು ಮುಚ್ಚುವುದನ್ನು ಅಲ್ಲೇ ನಿಂತು ಕಲಿಯಬೇಕು. ಆದರೂ ನಿಮ್ಮ ಕಚೇರಿಯಲ್ಲೋ ಸಂಘದಲ್ಲೋ ಇಂಥ ತರಬೇತಿಗೆ ಹೆಸರು ಕೇಳಿದರೆ ಹಿಂಜರಿಯಬೇಡಿ. ಮನೆಯಲ್ಲಿ ಯಾರಾದರೂ ನಿಮ್ಮ ಓದು, ನಿಮ್ಮ ಮಂಡಿನೋವು, ನಿಮ್ಮ ರಕ್ತಪರೀಕ್ಷೆಗೆ "ಆಮೇಲೆ ಮಾಡಿದರಾಯ್ತು" ಎಂದರೆ, ಕೋಪ ಮಾಡಿಕೊಳ್ಳದೆ ಕ್ಯಾಲೆಂಡರು ತಂದು ಕೇಳಿ: "ಯಾವ ತಾರೀಕು?" ಈ ಪ್ರಶ್ನೆಯನ್ನು ಮೊದಲು ನಮಗೆ ನಾವೇ ಕೇಳಿಕೊಳ್ಳಬೇಕಾಗಿ ಬರುವುದೇ ಹೆಚ್ಚು.

ಅಕ್ಕನ ಉಳಿದ ದೃಷ್ಟಿ ಹಾಗೇ ನಿಂತಿದೆ. ದಿನಾ ರಾತ್ರಿ ಒಂಬತ್ತಕ್ಕೆ ಅವಳು ಕಣ್ಣಿಗೆ ಹನಿ ಹಾಕಿಕೊಂಡು ಕಣ್ಣು ಮುಚ್ಚಿ ಕೂರುತ್ತಾಳೆ. ಆ ಹೊತ್ತಿನಲ್ಲಿ ಯಾರು ಕರೆದರೂ ಏಳುವುದಿಲ್ಲ.