ನೀರಿನ ಎಂಜಿನಿಯರನ ಗಾಳಿ ಹುಚ್ಚು

ನಾನು ನಿವೃತ್ತನಾದದ್ದು ನೀರಾವರಿ ಇಲಾಖೆಯಿಂದ. ಒಡ್ಡು, ತೂಬು, ಕಾಲುವೆ, ಅಳತೆ ಪುಸ್ತಕ ನನಗೆ ಅನ್ನ ಕೊಟ್ಟವು. ಹುಚ್ಚು ಮಾತ್ರ ಮೊದಲಿನಿಂದ ವಿಮಾನದ್ದು. ಬಾಗಲಕೋಟೆಯಲ್ಲಿ ಇದನ್ನು ಹೇಳಿಕೊಳ್ಳುವುದು ಕಷ್ಟ. ಜಿಲ್ಲೆಯಲ್ಲಿ ವಿಮಾನ ನಿಲ್ದಾಣವೇ ಇಲ್ಲ. ವಿಮಾನ ಹತ್ತಬೇಕಾದವರು ಮೊದಲು ಹುಬ್ಬಳ್ಳಿಗೋ ಬೆಳಗಾವಿಗೋ ಬಸ್ಸು ಹತ್ತಬೇಕು.

ನಮ್ಮಲ್ಲಿ ಹಾರುವವರೆಂದರೆ ಹಕ್ಕಿಗಳು. ಆಲಮಟ್ಟಿ ಅಣೆಕಟ್ಟಿನ 26 ಗೇಟುಗಳ ಹಿಂದೆ ನೀರು ನಿಂತಿತು, ಹಳೇ ಬಾಗಲಕೋಟೆಯ ಓಣಿಗಳು ಮುಳುಗಿದವು, ನಾವು ನವನಗರಕ್ಕೆ ಬಂದೆವು. ಆ ಹಿನ್ನೀರಿಗೆ ಈಗ ರಾಜಹಂಸ ಬರುತ್ತದೆ, ಹಿಮಾಲಯ ದಾಟಿದ ಪಟ್ಟೆತಲೆ ಹೆಬ್ಬಾತೂ ಬರುತ್ತದೆ. ಮನೆ ಕಳಕೊಂಡವರ ಎದುರು ಇದನ್ನು ಲಾಭವೆಂದು ಹೇಳುವ ಧೈರ್ಯ ನನಗಿಲ್ಲ. ಹಕ್ಕಿ ನೋಡಲು ಮಾತ್ರ ಹೋಗುತ್ತೇನೆ.

ನನ್ನ ಆರಾಧ್ಯ ದೈವ ವಿಷ್ಣು ಮಾಧವ ಘಾಟಗೆ. ಕೊಲ್ಹಾಪುರ ಸೀಮೆಯವರು, 1908ರಲ್ಲಿ ಹುಟ್ಟಿದವರು. ಜರ್ಮನಿಯ ಗಟ್ಟಿಂಗೆನ್‌ನಲ್ಲಿ ಲುಡ್ವಿಗ್ ಪ್ರಾಂಟ್ಲ್ ಅವರ ಬಳಿ ಕಲಿತು ಬಂದು, ಬೆಂಗಳೂರಿನ ಹಿಂದುಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ಮೊದಲು ಗ್ಲೈಡರ್, ಆಮೇಲೆ 1951ರಲ್ಲಿ ಎಚ್‌ಟಿ-2, 1958ರಲ್ಲಿ ಪುಷ್ಪಕ್, 1964ರಲ್ಲಿ ಕಿರಣ್ ವಿಮಾನಗಳನ್ನು ರೂಪಿಸಿ ಹಾರಿಸಿದವರು. ಅವರ ಗುರು ಪ್ರಾಂಟ್ಲ್ 1904ರಲ್ಲೇ ಒಂದು ಮಾತು ಹೇಳಿದ್ದರು: ರೆಕ್ಕೆಗೆ ತಾಗಿದ ಗಾಳಿ ಅದಕ್ಕೇ ಅಂಟಿಕೊಂಡು ನಿಲ್ಲುತ್ತದೆ, ವಿಮಾನವನ್ನು ಜಗ್ಗುವ ಘರ್ಷಣೆಯ ತಂಟೆ ಆ ತೆಳು ಪದರದಲ್ಲಿ ಶುರುವಾಗುತ್ತದೆ. ಇದನ್ನು ಓದಿದ ದಿನ ನನಗೆ ಬಹಳ ಸಮಾಧಾನವಾಯಿತು. ಕಾಲುವೆಯ ತಳಕ್ಕೆ ತಾಗಿದ ನೀರಿನದೂ ಇದೇ ಹಣೆಬರಹ. ನೀರಿಗೂ ಗಾಳಿಗೂ ಗಣಿತ ಒಂದೇ. ಅಂದರೆ ನಾನೂ ಅರ್ಧ ವಿಮಾನದವನೇ!

ಪುಷ್ಪಕ್ ಇಬ್ಬರು ಕೂರುವ ಪುಟ್ಟ ವಿಮಾನ, ಫ್ಲೈಯಿಂಗ್ ಕ್ಲಬ್ಬುಗಳಿಗೆಂದೇ ಮಾಡಿದ್ದು. ಬೆಂಗಳೂರಿಗೆ ಕಚೇರಿ ಕೆಲಸಕ್ಕೆ ಹೋದಾಗಲೆಲ್ಲ ಜಕ್ಕೂರಿನ ವಿಮಾನ ಮೈದಾನದ ಬೇಲಿಯಾಚೆ ನಿಂತು ಅದು ಏರುವುದನ್ನು ನೋಡಿದ್ದೇನೆ. ಅದರ ಹೊದಿಕೆ ಬಟ್ಟೆಯದು. ಇಳಕಲ್ಲಿನ ನೇಕಾರ ಗೆಳೆಯನಿಗೆ ಇದನ್ನು ಹೇಳಿದರೆ ನಂಬಲಿಲ್ಲ.

"ಅರಿವಿ ಹೊದ್ದ ವಿಮಾನ ಮಳಿಗಿ ತೊಯ್ಯಂಗಿಲ್ಲೇನ್ರಿ?"

ಬಟ್ಟೆಗೆ ಡೋಪ್ ಅನ್ನುವ ಲೇಪ ಬಳಿಯುತ್ತಾರೆ, ಒಣಗುತ್ತ ಅದು ಬಟ್ಟೆಯನ್ನು ಬಿಗಿಯುತ್ತದೆ, ನೀರು ಇಳಿಯುವುದಿಲ್ಲ ಎಂದೆ.

"ಹಂಗಾರ ನಾವು ಗಂಜಿ ಹಚ್ಚಿದಂಗ ಆತು," ಎಂದು ಮಗ್ಗಕ್ಕೆ ತಿರುಗಿದ. ಒಡಲಿನ ಎಳೆಗೆ ಸೆರಗಿನ ರೇಷ್ಮೆ ಎಳೆಯನ್ನು ಕೊಂಡಿ ಹಾಕಿ ಕೂಡಿಸುತ್ತಿದ್ದ. ಇಳಕಲ್ ಸೀರೆಯ ಜಾಣ್ಮೆಯೆಲ್ಲ ಆ ಜೋಡಣೆಯಲ್ಲಿದೆ. ರೆಕ್ಕೆಯನ್ನು ಒಡಲಿಗೆ ಕೂಡಿಸುವ ಜಾಗವೇ ವಿಮಾನ ಕಟ್ಟುವವರ ತಲೆನೋವೂ ಹೌದು. ಅಷ್ಟು ಹೇಳಿದರೆ ಅವನು ಕೆಲಸ ಬಿಟ್ಟು ಕೂತುಬಿಡುತ್ತಾನೆಂದು ಸುಮ್ಮನಾದೆ.

ಬಟ್ಟೆಗೂ ಹಾರಾಟಕ್ಕೂ ಇರುವ ನಂಟು ಚಾಲುಕ್ಯರ ಶಿಲ್ಪಿಗಳಿಗೂ ಗೊತ್ತಿತ್ತೆಂಬುದು ನನ್ನ ವಾದ. ಬಾದಾಮಿಯ ಮೂರನೇ ಗುಹೆಯ ಶಾಸನ 578ರದು. ಐಹೊಳೆ ಇರುವುದು ನಮ್ಮ ಹುನಗುಂದ ತಾಲ್ಲೂಕಿನಲ್ಲಿ. ಎರಡೂ ಕಡೆ ಗಂಧರ್ವರು ಜೋಡಿ ಜೋಡಿಯಾಗಿ ಹಾರುತ್ತಾರೆ. ಪಶ್ಚಿಮದವರು ತಮ್ಮ ದೇವದೂತರಿಗೆ ಗರಿ ಅಂಟಿಸಿದರು. ನಮ್ಮವರಿಗೆ ರೆಕ್ಕೆಯೇ ಬೇಕಾಗಲಿಲ್ಲ. ಮೊಣಕಾಲು ಹಿಂದಕ್ಕೆ ಮಡಿಚಿದೆ, ಉತ್ತರೀಯ ಹಿಂದೆ ಹಾರುತ್ತಿದೆ, ಅಷ್ಟೇ. ಗಾಳಿಯನ್ನು ಕೆತ್ತಲಾಗದು, ಗಾಳಿಗೆ ಸಿಕ್ಕ ಬಟ್ಟೆಯನ್ನು ಕೆತ್ತಬಹುದು. ಇಂದಿಗೂ ವಿಂಡ್ ಟನೆಲ್‌ನಲ್ಲಿ ರೆಕ್ಕೆಯ ಮೇಲೆ ಉಣ್ಣೆಯ ಎಳೆ ಅಂಟಿಸಿ, ಅದು ಒಲೆಯುವುದನ್ನು ನೋಡಿಯೇ ಗಾಳಿಯ ಚಲನೆ ತಿಳಿಯುತ್ತಾರೆ. ಹಾರಾಟದ ವಿಷಯದಲ್ಲಿ ನಮ್ಮ ಪುರಾಣಗಳ ವಿಮಾನಕ್ಕಿಂತ ನಮ್ಮ ಕಲ್ಲುಕುಟಿಗನ ಕಣ್ಣನ್ನೇ ನಾನು ಹೆಚ್ಚು ನಂಬುತ್ತೇನೆ.

ಬಾದಾಮಿಗೆ ಬಂದವರು ಮೊದಲ ಗುಹೆಯ ಹದಿನೆಂಟು ಕೈಯ ನಟರಾಜನ ಜೊತೆ ಫೋಟೊ ತೆಗೆಸಿಕೊಂಡು ಎರಡನೆಯದಕ್ಕೆ ಓಡುತ್ತಾರೆ. ಓಡಬೇಡಿ. ಒಳಗೆ ಹೋಗಿ, ಕತ್ತು ನೋಯುವಷ್ಟು ಹೊತ್ತು ಛಾವಣಿ ನೋಡಿ, ಹಾರುವ ಜೋಡಿಯೊಂದು ಅಲ್ಲಿದೆ. ದೆಹಲಿಗೆ ಹೋದರೆ ರಾಷ್ಟ್ರೀಯ ವಸ್ತುಸಂಗ್ರಹಾಲಯವನ್ನೂ ತಪ್ಪಿಸಬೇಡಿ. ಐಹೊಳೆಯ ಗಂಧರ್ವ ಜೋಡಿಯೊಂದು ಅಲ್ಲಿದೆ.