ಹಿಮ ಕರಗೂ ಹೊತ್ತು
2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ರತಾಲ್ ಚಾರಣಕ್ಕೆ ಕರ್ನಾಟಕದಿಂದ ಹೋದ ತಂಡದ 9 ಮಂದಿ, ಹವಾಮಾನ ಕೆಟ್ಟು ತೀರಿಕೊಂಡರು. ಅಂದಿನಿಂದ ಬನಹಟ್ಟಿಯ ನಮ್ಮವ್ವನಿಗೆ ನನ್ನ ಚಾರಣದ ಬ್ಯಾಗ್ ಕಂಡರಾಗದು. "ಏಪ್ರಿಲ್‌ನ್ಯಾಗ ಹಿಮ ಕರಗಿರತೈತಿ, ಬಿಡವಾ" ಅಂದೆ. "ಕರಗೂ ಹೊತ್ತಿನ್ಯಾಗನ ಜಾರೂದು" ಅಂದಳು, ಮಗ್ಗ ನಿಲ್ಲಿಸದೆ.

ಹಿಮ ನೋಡದ ಅವ್ವನ ಮಾತು ಕೇದಾರಕಂಠದಲ್ಲಿ ಖರೇ ಆಯ್ತು. ರಬಕವಿಯ ಕಡೆ ಬೇಸಿಗೆಯಲ್ಲಿ ಕೃಷ್ಣೆ ಸೊರಗುತ್ತಾಳೆ. ಅಲ್ಲಿ ಬಿಸಿಲೇರಿದಷ್ಟೂ ಹಳ್ಳಕ್ಕೆ ನೀರು. ನಸುಕಿನಲ್ಲಿ ಕಲ್ಲಿನಂತಿದ್ದ ಹಿಮದಲ್ಲಿ ಮಧ್ಯಾಹ್ನ ಮೊಣಕಾಲತನಕ ಕಾಲು ಹೂಳುತ್ತದೆ. ಅದಕ್ಕೇ ಶಿಖರಕ್ಕೆ ರಾತ್ರಿ 3ಕ್ಕೇ ಹೊರಡುವುದು. (ಸೂರ್ಯೋದಯದ ಫೋಟೊ ಬೋನಸ್ ಅಷ್ಟೇ!)

ಇಳಿಯುವಾಗ ಹಳ್ಳದ ಮೇಲೆ ಹಿಮ ಸೇತುವೆಯಂತೆ ಕೂತಿತ್ತು. ನಮಗಿಂತ ಮುಂದಿನವರ ಹೆಜ್ಜೆಗುರುತೂ ಇತ್ತು. ಗೈಡ್ ಕೋಲಿನಿಂದ ಕುಟ್ಟಿದ, ಟೊಳ್ಳು ಸದ್ದು. ಒಳಗೆ ನೀರು ಹರಿಯುತ್ತಿತ್ತು. ಬೈಯ್ಯುತ್ತಲೇ ಅರ್ಧ ತಾಸು ಸುತ್ತಿ, ಮೇಲಿನ ಬಂಡೆಗಳ ಹಾದಿಯಿಂದ ದಾಟಿದೆವು.