ಒಂದು ಕುರ್ಚಿಯ ಸಂಕೋಚ

ಕಳೆದ ತಿಂಗಳು ಕೊರಟಗೆರೆಯಲ್ಲಿ ನಡೆದ ಶಿಷ್ಯನ ಗೃಹಪ್ರವೇಶದಲ್ಲಿ ನಿಮ್ಮಲ್ಲಿ ಹಲವರು ಕೇಳಿದಿರಿ: "ಮೇಷ್ಟ್ರೇ, ಊಟಕ್ಕೆ ನಿಲ್ಲದೆ ಹೊರಟಿರೇಕೆ?" ಅಂದು ನಕ್ಕು ಸುಮ್ಮನಾದೆ. ಇಂದು ಉತ್ತರಿಸುತ್ತಿದ್ದೇನೆ.

2004ರಲ್ಲಿ ಶಿರಾದಿಂದ ಮಧುಗಿರಿಗೆ ಮರಳುವಾಗ ಸ್ಕೂಟರ್ ಜಾರಿ ಬಿದ್ದೆ. ಸೊಂಟದ ಕೆಳಗಿನ ಮೂಳೆ ಎರಡು ಕಡೆ ಮುರಿಯಿತು. ಅಲ್ಲಿನ ಮೂಳೆಗಳು ಬಳೆಯಂತೆ ಕೂಡಿಕೊಂಡಿವೆ. ಬಳೆ ಒಂದೇ ಕಡೆ ಒಡೆಯುವುದು ಅಪರೂಪವೆಂದು ವೈದ್ಯರು ವಿವರಿಸಿದರು. ಕೆಲವು ತಿಂಗಳಲ್ಲಿ ಮೂಳೆ ಕೂಡಿತು, ನೋವು ಉಳಿಯಿತು. ಎಡಗಾಲು ತುಸು ಗಿಡ್ಡವಾಯಿತು. ಪಾವಗಡದ ಬಸ್ಸಿನಲ್ಲಿ ಗಂಟೆ ಹೊತ್ತು ಕುಳಿತರೆ ಏಳುವಾಗ ಕಂಬಿ ಹಿಡಿಯಲೇಬೇಕು. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಲಾರೆ. ನಿಮ್ಮಲ್ಲಿ ಹಿರಿಯರಾದವರನ್ನು ಹತ್ತಿಸಿದ್ದ ಮಧುಗಿರಿಯ ಏಕಶಿಲಾ ಬೆಟ್ಟವನ್ನು ಈಗ ಕೆಳಗಿನಿಂದಲೇ ನೋಡುತ್ತೇನೆ.

ಆದರೆ ನೋವಿಗಿಂತ ಹೆಚ್ಚು ಕಾಡಿದ್ದು ಸಂಕೋಚ. ಎಲ್ಲರೂ ನೆಲದಲ್ಲಿ ಪಂಕ್ತಿಗೆ ಕುಳಿತಿರುವಾಗ ನಾನೊಬ್ಬನೇ ಕುರ್ಚಿ ಕೇಳುವುದು ಹೇಗೆಂದು ಎಷ್ಟೋ ಶುಭಕಾರ್ಯಗಳಿಂದ ಉಣ್ಣದೆ ಮರಳಿದ್ದೇನೆ. "ಅರ್ಥವಾಗದಿದ್ದರೆ ನಾಚಿಕೆಪಡದೆ ಕೈ ಎತ್ತಿ ಕೇಳಿ" ಎಂದು ಮೂವತ್ತು ವರ್ಷ ನಿಮಗೆ ಬೋಧಿಸಿದವನಿಗೆ ಒಂದು ಕುರ್ಚಿ ಕೇಳಲು ಬಾಯಿ ಬರಲಿಲ್ಲ!

ಮುಂದಿನ ಸಲ ಕೇಳುತ್ತೇನೆ. ನಿಮ್ಮಲ್ಲಿಯೂ ಯಾರಿಗಾದರೂ ಇಂಥ ಹಳೆಯ ಪೆಟ್ಟಿದ್ದರೆ ಮುಚ್ಚಿಡಬೇಡಿ. ಪಂಕ್ತಿಯ ಕೊನೆಯಲ್ಲಿ ನನ್ನ ಪಕ್ಕಕ್ಕೆ ಇನ್ನೊಂದು ಕುರ್ಚಿ ಹಾಕಿಸೋಣ.